ಗಂಟಕ್ಕನ ಮರು ಓದು

ದೊಡ್ಡಮ್ಮ ಗಂಟಕ್ಕನನ್ನು ಮೊದಲ ಸಲ ನೋಡಿದ್ದು ಗಾಜಿನ ಆಚೆ. ನೋಡಿದ್ದು ಅಂದರೆ ಬರೀ ಎರಡು ಕಣ್ಣು. ತಲೆಗೆ ಟೋಪಿ, ಮೂಗು ಬಾಯಿಗೆ ಬಟ್ಟೆ, ಕುತ್ತಿಗೆಯಿಂದ ಮೊಣಕಾಲಿನವರೆಗೆ ರಬ್ಬರಿನ ಏಪ್ರನ್, ಕೈಗೆ ಮೊಣಕೈ ಮುಟ್ಟುವ ಗ್ಲೌಸು. ಇಷ್ಟೆಲ್ಲದರ ನಡುವೆ ಮನುಷ್ಯರದ್ದು ಅಂತ ಉಳಿದದ್ದು ಆ ಕಣ್ಣು ಮಾತ್ರ.

ಅದು ದೊಡ್ಡಮ್ಮ ಕೆಲಸಕ್ಕೆ ಸೇರಿದ ಮೊದಲ ದಿನ. ಗಂಡ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ದೊಡ್ಡ ಆಸ್ಪತ್ರೆಯ ಹಿಂಭಾಗದಲ್ಲಿರುವ ಲಾಂಡ್ರಿಯಲ್ಲಿ ಒಗೆದ ಬೆಡ್‌ಶೀಟು ಮಡಿಚುವ ಕೆಲಸ. ಲಾಂಡ್ರಿ ಅಂದರೆ ಒಂದೇ ಉದ್ದನೆಯ ಹಜಾರ, ನಟ್ಟನಡುವೆ ಗಾಜಿನ ಕಿಟಕಿಯಿರುವ ಒಂದು ಗೋಡೆ, ಆ ಗೋಡೆಯ ಒಳಗೇ ಸಾಲಾಗಿ ಕೂರಿಸಿದ ಮಿಷಿನ್ನುಗಳು. ಪ್ರತಿ ಮಿಷಿನ್ನಿಗೂ ಎರಡೆರಡು ಬಾಗಿಲು. ಆ ಕಡೆಯ ಬಾಗಿಲಿನಿಂದ ಕೊಳೆ ಬಟ್ಟೆ ಒಳಗೆ, ಈ ಕಡೆಯ ಬಾಗಿಲಿನಿಂದ ಒಗೆದ ಬಟ್ಟೆ ಹೊರಗೆ. ಎರಡೂ ಬಾಗಿಲು ಯಾವತ್ತೂ ಒಟ್ಟಿಗೆ ತೆರೆಯುವುದಿಲ್ಲ. ಕೊಳೆ ಕಡೆಯವರು ಹೊರಗೆ ಬರಬೇಕಾದರೆ ಸ್ನಾನ ಮಾಡಿ, ಬಟ್ಟೆ ಬದಲಿಸಿಯೇ ಬರಬೇಕು. ಇನ್ನು ಬಟ್ಟೆಯಂತೂ ಒಂದು ಸಲ ಈ ಕಡೆ ಬಂದರೆ ಬಂತು, ಆ ಕಡೆ ಮತ್ತೆ ಹೋಗಕೂಡದು.

ಇದಕ್ಕೆ ಒಂದೇ ಒಂದು ವಿನಾಯಿತಿ. ಒಗೆದ ಮೇಲೂ ಕಲೆ ಉಳಿದಿದ್ದರೆ, ಮಡಿಚುವವಳು ಅದನ್ನು ಗೋಡೆಯ ಬುಡದಲ್ಲಿರುವ ಸಣ್ಣ ಕಿಂಡಿಯಿಂದ ಆ ಕಡೆಯ ಬುಟ್ಟಿಗೆ ತಳ್ಳಬೇಕು. ಮೇಸ್ತ್ರಿ ಅದಕ್ಕೆ ರೀವಾಶ್ ಅನ್ನುತ್ತಿದ್ದ. ಉಳಿದವರೆಲ್ಲ ವಾಪಸು ಅನ್ನುತ್ತಿದ್ದರು. ವಾಪಸು ಬುಟ್ಟಿ ತುಂಬಿತೆಂದರೆ ಕೊಳೆ ಕಡೆಯವರಿಗೆ ಮುಖ ಎತ್ತಿ ತಿರುಗಲು ಆಗುತ್ತಿರಲಿಲ್ಲ. "ಏನು, ಕಣ್ಣು ಮುಚ್ಚಿಕೊಂಡು ತುಂಬಿದಿರಾ?" ಅಂತ ಮೇಸ್ತ್ರಿ ಎಲ್ಲರ ಮುಂದೆ ಕೇಳುತ್ತಿದ್ದ.

ಮೊದಲ ದಿನ ದೊಡ್ಡಮ್ಮನಿಗೆ ಕಲೆ ಯಾವುದು, ಹಳೆಯ ಬಟ್ಟೆಯ ಬಣ್ಣ ಯಾವುದು ತಿಳಿಯಲಿಲ್ಲ. ಅನುಮಾನ ಬಂದದ್ದನ್ನೆಲ್ಲ ಕಿಂಡಿಗೆ ತಳ್ಳಿದಳು. ತಳ್ಳಿದಾಗಲೆಲ್ಲ ಗಾಜಿನ ಆಚೆ ಆ ಎರಡು ಕಣ್ಣು ಅಗಲವಾಗಿ ಇವಳನ್ನೇ ನೋಡುತ್ತಿದ್ದವು.

ಮಧ್ಯಾಹ್ನ ಹಿಂದಿನ ಅಂಗಳದ ಬೆಂಚಿನ ಮೇಲೆ ಊಟದ ಡಬ್ಬಿ ಬಿಚ್ಚಿದಾಗ, ಒದ್ದೆ ಕೂದಲಿನ ಒಬ್ಬಳು ಬಂದು ಪಕ್ಕದಲ್ಲಿ ಕುಳಿತಳು.

"ಹೊಸಬರಾ?"

"ಹೌದಮ್ಮ."

"ಹೇಗಿದೆ ಕೆಲಸ?"

"ಕೆಲಸ ಏನೋ ಪರವಾಗಿಲ್ಲ. ಆ ಕಡೆ ಒಬ್ಬಳಿದ್ದಾಳೆ ನೋಡು, ಗೂಬೆ ಕಣ್ಣಿನವಳು. ಬಟ್ಟೆ ಬಿಡಿಸಿ ನೋಡದೇನೇ ಮಿಷಿನ್ನಿಗೆ ತುರುಕುತ್ತಾಳೆ ಅಂತ ಕಾಣುತ್ತೆ. ವಾಪಸು ಕಳಿಸೀ ಕಳಿಸೀ ನನ್ನ ಸೊಂಟ ಬಿದ್ದುಹೋಯ್ತು."

"ಅಯ್ಯೋ ಪಾಪ. ಗೂಬೆ ಕಣ್ಣಾ?"

"ಇಷ್ಟಿಷ್ಟು ಬಿಡ್ತಾಳೆ."

ಆ ಹೆಂಗಸು ಡಬ್ಬಿಯನ್ನು ತೊಡೆಯ ಮೇಲಿಟ್ಟು, ದೊಡ್ಡಮ್ಮನ ಕಡೆ ತಿರುಗಿ, ತನ್ನ ಕಣ್ಣನ್ನು ಅಷ್ಟಷ್ಟೇ ಅಗಲ ಮಾಡಿ, "ಹೀಗಾ ದೊಡ್ಡಮ್ಮ?" ಅಂದಳು.

ದೊಡ್ಡಮ್ಮನ ಬಾಯಿಯ ತುತ್ತು ಬಾಯಲ್ಲೇ ನಿಂತಿತು. ಬೆಂಚಿನ ಆ ತುದಿಯಿಂದ ಈ ತುದಿಯವರೆಗೆ ಎಲ್ಲರೂ ನಗಾಡಿದರು. ಅವತ್ತಿನಿಂದ ಲಾಂಡ್ರಿಗೆಲ್ಲ ಅವಳು ದೊಡ್ಡಮ್ಮನೇ ಆದಳು. ಮನೆಯಲ್ಲಿ ಇಟ್ಟ ಹೆಸರು ಸಂಬಳದ ದಿನಕ್ಕೆ ಮಾತ್ರ.

ಆ ಹೆಂಗಸಿಗೂ ಹಾಗೆಯೇ. ವಾರ್ಡುಗಳಿಂದ ಕೊಳೆ ಬಟ್ಟೆ ಮೂಟೆ ಮೂಟೆಯಾಗಿ ಬರುತ್ತಿತ್ತು. ಬೆಡ್‌ಶೀಟಿನ ನಾಲ್ಕು ತುದಿ ಸೇರಿಸಿ ಬಿಗಿದ ಗಂಟು. ಒದ್ದೆಯಾಗಿದ್ದರೆ ಕಬ್ಬಿಣದ ಹಾಗೆ ಕೂತಿರುತ್ತಿತ್ತು. ಬೇರೆಯವರು ಕತ್ತರಿ ಕೇಳುತ್ತಿದ್ದರು. ಇವಳು ಎರಡು ಬೆರಳು ತೂರಿಸಿ ಬಿಚ್ಚಿ ಬಿಸಾಡುತ್ತಿದ್ದಳು. ಅದಕ್ಕೇ ಗಂಟಕ್ಕ.

ಗಂಟಕ್ಕನಿಗೆ ಒಬ್ಬಳೇ ಮಗಳು. ಗಂಡ ಇದ್ದೂ ಇಲ್ಲದವನು, ಮಗು ತೊಟ್ಟಿಲಲ್ಲಿದ್ದಾಗಲೇ ಎತ್ತಲೋ ಹೊರಟುಹೋದ. ಲಾಂಡ್ರಿಯ ಪಾಳಿ ಕೆಲಸಕ್ಕೂ ಮಗುವಿಗೂ ಹೊಂದದೆ, ಮಗುವನ್ನು ಅಕ್ಕನ ಮನೆಯಲ್ಲಿ ಬಿಟ್ಟಳು. ರಜೆಯ ದಿನ ಹೋದರೆ ಮಗಳು ಮೂಲೆಯಲ್ಲಿ ಪುಸ್ತಕ ಹಿಡಿದು ಕೂತಿರುತ್ತಿದ್ದಳು. "ಬಂದ್ಯಾ?" ಅಂತ ತಲೆ ಎತ್ತಿ ಕೇಳಿ ಮತ್ತೆ ಪುಸ್ತಕಕ್ಕೆ ಇಳಿಯುತ್ತಿದ್ದಳು. "ನನ್ನ ಮಗಳ ನೆತ್ತಿ ನೋಡಿದಷ್ಟು ನಾನು ಮುಖ ನೋಡಿಲ್ಲ" ಅಂತ ಗಂಟಕ್ಕ ನಗುತ್ತಲೇ ಹೇಳುತ್ತಿದ್ದಳು. ಅದು ನಗುವ ಮಾತೋ ಅಲ್ಲವೋ ಅಂತ ದೊಡ್ಡಮ್ಮನಿಗೆ ಪ್ರತಿ ಸಲವೂ ಗೊಂದಲ.

ಆ ಮಗಳು ಈಗ ಬೇರೆ ಊರಿನಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಭಾನುವಾರ ಫೋನ್ ಬರುತ್ತಿತ್ತು.

"ಊಟ ಆಯ್ತಾ?"

"ಆಯ್ತು. ನಿಂದು?"

"ಆಯ್ತು."

ಅಲ್ಲಿಗೆ ತಾಯಿ ಮಗಳ ಮಾತು ಮುಗಿಯಿತು. ಆಮೇಲೆ ಇಬ್ಬರೂ ಒಬ್ಬರ ಉಸಿರು ಒಬ್ಬರು ಕೇಳಿಸಿಕೊಂಡು, "ಇಡ್ಲಾ?" "ಇಡು" ಅನ್ನುತ್ತಿದ್ದರು.

ಹೀಗಿರುವಾಗ ಒಂದು ದಿನ ಗಂಟಕ್ಕ ಬೆಂಚಿಗೆ ಓಡೋಡಿ ಬಂದಳು. ಮಗಳು ತಾನಿರುವ ಯಾವುದೋ ಪುಸ್ತಕದ ಗುಂಪಿಗೆ ಇವಳನ್ನೂ ಸೇರಿಸಿದ್ದಳಂತೆ. ಗುಂಪು ಇರುವುದು ಫೋನಿನ ಒಳಗೆ. ಯಾರೂ ಯಾರ ಮುಖವನ್ನೂ ನೋಡಿಲ್ಲ. ತಿಂಗಳಿಗೆ ಒಂದು ವಿಷಯ. ಆ ವಿಷಯಕ್ಕೆ ಹೊಂದುವ ಪುಸ್ತಕ ಹುಡುಕಿ ಓದಿ, ತಿಂಗಳು ಮುಗಿಯುವುದರೊಳಗೆ ನಾಲ್ಕು ಮಾತು ಬರೆದು ಹಾಕಬೇಕು. ವರ್ಷವಿಡೀ ಹೀಗೆ.

ದೊಡ್ಡಮ್ಮ ಇಸ್ಕೂಲಿನ ಬಾಗಿಲು ನೋಡಿ ಬಂದವಳು ಅಷ್ಟೇ. ಬೆರಳಿಟ್ಟುಕೊಂಡು ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದಳು. ಅವಳಿಗೆ ಇದರ ತಲೆಬುಡ ಹತ್ತಲಿಲ್ಲ.

"ಕಲಿಸೋರು ಯಾರು?"

"ಯಾರೂ ಇಲ್ಲ ದೊಡ್ಡಮ್ಮ."

"ಪರೀಕ್ಷೆ ಇಡ್ತಾರಾ?"

"ಇಲ್ಲ."

"ಪೂರ್ತಿ ಮಾಡಿದರೆ ಏನು ಕೊಡ್ತಾರೆ?"

"ಏನೂ ಇಲ್ಲ."

"ಓದದಿದ್ರೆ ಬೈತಾರಾ?"

"ಬೈಯಲ್ಲ. ಒಂದು ತಿಂಗಳು ತಪ್ಪಿದರೆ ಆ ವರ್ಷದ ಪಟ್ಟಿಯಿಂದ ಹೆಸರು ತೆಗೀತಾರೆ."

"ಹೆಸರು ತೆಗೆಯೋದು ಬೈಯೋದಕ್ಕಿಂತ ಜೋರಲ್ಲವೇನೇ!"

ಗಂಟಕ್ಕ ಏಳನೇ ಕ್ಲಾಸಿನವರೆಗೆ ಓದಿದ್ದಳು. ಪೇಪರು ಸರಾಗವಾಗಿ ಓದುತ್ತಿದ್ದಳು. ಪುಸ್ತಕ ಮಾತ್ರ ಯಾವತ್ತೂ ಹಿಡಿದವಳಲ್ಲ. ಮೊದಲ ತಿಂಗಳ ವಿಷಯ "ನೀರು" ಅಂತ ಬಂತು. ಅವಳು ಎರಡು ದಿನ ಯೋಚಿಸಿ, ಮಿಷಿನ್ನಿನ ಪಕ್ಕದ ಮೊಳೆಗೆ ತೂಗುಹಾಕಿದ್ದ ಮಿಷಿನ್ನಿನದೇ ಪುಸ್ತಕವನ್ನು ಗ್ಲೌಸು ಹಾಕಿದ ಕೈಯಲ್ಲೇ ನಿಂತು ನಿಂತು ಓದಿ ಮುಗಿಸಿದಳು. ನೀರು ಎಷ್ಟು ಬಿಸಿ, ಯಾವಾಗ ಒಳಗೆ, ಯಾವಾಗ ಹೊರಗೆ, ಎಲ್ಲ ಇತ್ತಲ್ಲ ಅದರಲ್ಲಿ. "ಈ ಪುಸ್ತಕದಲ್ಲಿ ನೀರು ಬಹಳ ಇದೆ. ಕೊನೆಗೆ ಬಾಗಿಲು ತೆರೆಯುತ್ತದೆ" ಅಂತ ಬರೆದಳು. ಗುಂಪಿನವರು ಅದನ್ನು ಯಾಕೆ ಅಷ್ಟು ಮೆಚ್ಚಿಕೊಂಡರೋ ಅವಳಿಗೂ ತಿಳಿಯಲಿಲ್ಲ, ದೊಡ್ಡಮ್ಮನಿಗೂ ತಿಳಿಯಲಿಲ್ಲ. ಮಗಳು ಮಾತ್ರ "ನೀವು ಬರೆದದ್ದು ಚೆನ್ನಾಗಿದೆ" ಅಂತ ಹಾಕಿದ್ದಳು.

ಗಂಟಕ್ಕ ಆ ಸಾಲನ್ನು ದೊಡ್ಡಮ್ಮನ ಮುಂದೆ ಹಿಡಿದಳು.

"ನೋಡಿ, ನನ್ನ ಹೊಟ್ಟೇಲಿ ಹುಟ್ಟಿದವಳು ನನಗೆ ನೀವು ಅಂತಾಳೆ. ಇದು ಮರ್ಯಾದೆನೋ, ಮುನಿಸೋ?"

"ನಾಲ್ಕು ಜನರ ಮುಂದೆ ಅಲ್ವೇನೇ. ಸಭೆಯಲ್ಲಿ ನೀನು ತಾನು ಅನ್ನೋಕಾಗುತ್ತಾ?"

"ಹಾಗಾದ್ರೆ ನಾನೂ ಅವಳಿಗೆ ನೀವು ಅನ್ಬೇಕಾ?"



ಆದರೆ ಭಾನುವಾರದ ಫೋನು ಬದಲಾಯಿತು. ಊಟದ ಮಾತು ಮುಗಿದ ಮೇಲೂ ಮಾತು ಇತ್ತು. ಯಾವ ಪುಸ್ತಕ ಹಿಡಿದೆ, ಎಲ್ಲಿಗೆ ಬಂತು, ಆ ಹೆಂಗಸು ಹಾಗೆ ಮಾಡಬಾರದಿತ್ತು, ಯಾಕೆ ಮಾಡಬಾರದಿತ್ತು, ಮಾಡಿದ್ದೇ ಸರಿ. ತಾಯಿ ಮಗಳು ಯಾರದೋ ಸಂಸಾರದ ಬಗ್ಗೆ ಜಗಳ ಆಡುತ್ತಿದ್ದರು. ಸೋಮವಾರ ಗಂಟಕ್ಕ ಗಾಜಿನ ಆಚೆ ಬಂದು ನಿಂತರೆ, ನಿನ್ನೆ ಮಗಳು ಎಷ್ಟು ಹೊತ್ತು ಮಾತಾಡಿದಳು ಅಂತ ದೊಡ್ಡಮ್ಮ ಆ ಕಣ್ಣು ನೋಡಿಯೇ ಹೇಳುತ್ತಿದ್ದಳು. ಅದೊಂದು ದಾರ ಬಿಟ್ಟರೆ ಆ ಇಬ್ಬರ ನಡುವೆ ಬೇರೇನೂ ಇಲ್ಲ ಅನ್ನುವುದು ದೊಡ್ಡಮ್ಮನಿಗೆ ಗೊತ್ತಿತ್ತು. ಗಂಟಕ್ಕನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಎಷ್ಟು ದಣಿದಿದ್ದರೂ ತಿಂಗಳ ಪುಸ್ತಕ ತಪ್ಪಿಸುತ್ತಿರಲಿಲ್ಲ. ಆಸ್ಪತ್ರೆಯ ಹೊರರೋಗಿಗಳ ಹಜಾರದಲ್ಲಿ ಯಾರೋ ದಾನ ಕೊಟ್ಟ ಪುಸ್ತಕಗಳ ಒಂದು ಕಪಾಟಿತ್ತು. ಅಲ್ಲಿಂದ ತಂದು, ಬೆಂಚಿನ ಮೇಲೆ ಕೂತು, ಕೂದಲು ಒಣಗುವವರೆಗೆ ಓದುತ್ತಿದ್ದಳು.

ಅವಳ ಓದಿನದೊಂದು ರೀತಿ ಇತ್ತು. ಮುಂದೆ ಮುಂದೆ ಹೋಗುವುದು. ಒಮ್ಮೆ ತಿರುವಿದ ಹಾಳೆಯನ್ನು ಅವಳು ಹಿಂದಕ್ಕೆ ತಿರುವುತ್ತಿರಲಿಲ್ಲ. ಯಾರಪ್ಪ ಇವನು, ಎಲ್ಲಿಂದ ಬಂದ ಅಂತ ತಲೆ ಕೆಟ್ಟರೂ ಸರಿ, ಮುಂದಕ್ಕೇ. ಹಾಗಾಗಿ ಅವಳು ಹೇಳುವ ಕಥೆಗಳು ಎತ್ತಿಂದೆತ್ತಲೋ ಹೋಗುತ್ತಿದ್ದವು.

ಮಳೆಗಾಲ ಕಳೆದ ಮೇಲೆ ಬಂದ ವಿಷಯ "ಒಡಹುಟ್ಟಿದವರು". ಗಂಟಕ್ಕ ತಂದದ್ದು ಹೊಳೆ ದಾಟಿಸುವ ದೋಣಿಯ ಒಂದು ಕಾದಂಬರಿ. ಅಣ್ಣ ತಮ್ಮ ಇಬ್ಬರು ದೋಣಿ ನಡೆಸುತ್ತಾರೆ, ಅವರ ತಾಯಿ ದಡದ ಮೇಲೆ ಗುಡಿಸಲಿನಲ್ಲಿರುತ್ತಾಳೆ. ಬರೆದವರು ಅಣ್ಣತಮ್ಮಂದಿರನ್ನು ದೊಡ್ಡವನು, ಚಿಕ್ಕವನು ಅಂತ ಒಂದು ಸಲ ಹೇಳಿ, ಆಮೇಲೆ ಇಬ್ಬರಿಗೂ ಬರೀ "ಅವನು" ಅಂತ ಬರೆದುಕೊಂಡು ಹೋಗಿದ್ದರು.

"ಮುಳುಗಿ ಸತ್ತವನು ಯಾರು?" ಅಂತ ದೊಡ್ಡಮ್ಮ ಕೇಳಿದಳು.

"ದೊಡ್ಡವನು."

"ಈಗ ಮದುವೆ ಆಗ್ತಿರೋನು?"

"ದೊಡ್ಡವನೇ."

"ಸತ್ತವನಿಗೆ ಹೆಣ್ಣು ಕೊಟ್ಟರಾ?"

"ಅದೇ ನನಗೂ ಅರ್ಥ ಆಗ್ತಿಲ್ಲ ದೊಡ್ಡಮ್ಮ."

"ಹಿಂದಿನ ಹಾಳೆ ತೆಗೆದು ನೋಡೇ."

"ಹಿಂದಕ್ಕೆ ಹೋಗೋದಾ? ಅದು ಓದಿ ಆಗಿದೆಯಲ್ಲ!"

ದೊಡ್ಡಮ್ಮನಿಗೆ ಆ ಮಾತು ಸರಿಯೇ ಅನಿಸಿತು. ಆದದ್ದು ಆಯಿತು.

ತಿಂಗಳ ಕೊನೆಗೆ ಗಂಟಕ್ಕ ಗುಂಪಿನಲ್ಲಿ ನೇರವಾಗಿ ಕೇಳಿಯೇಬಿಟ್ಟಳು: "ಕಥೆ ಚೆನ್ನಾಗಿದೆ. ಆದರೆ ಸತ್ತವನು ಹೇಗೆ ಮದುವೆಯಾದ?" ಸಾಲು ಸಾಲಾಗಿ ನಗುವ ಮುಖಗಳು ಬಂದವು. ಕಣ್ಣಲ್ಲಿ ನೀರು ಬರುವ ಹಾಗೆ ನಗುವ ಮುಖಗಳು. ಅದರಲ್ಲಿ ಒಂದು ಮಗಳದ್ದು.

"ನಗಲಿ ಬಿಡು" ಅಂದಳು ಗಂಟಕ್ಕ. ಆದರೆ ಅವತ್ತು ಅವಳು ಡಬ್ಬಿಯಲ್ಲಿ ಅರ್ಧ ಊಟ ಬಿಟ್ಟಳು.

ಎರಡು ದಿನ ಕಳೆದು ಹೊಸ ತಿಂಗಳ ವಿಷಯ ಬಂತು. ಪ್ರತಿ ತಿಂಗಳೂ ಗುಂಪಿನ ಒಬ್ಬೊಬ್ಬರು ವಿಷಯ ಆರಿಸುವುದು ವಾಡಿಕೆ. ಈ ಸಲದ ಪಾಳಿ ಮಗಳದ್ದು. ಗಂಟಕ್ಕ ಮಾತಾಡದೆ ಫೋನನ್ನು ದೊಡ್ಡಮ್ಮನ ಕೈಗೆ ಕೊಟ್ಟಳು. ದೊಡ್ಡಮ್ಮ ಬೆರಳಿಟ್ಟು ಓದಿದಳು. "ನೀವು... ಹಿಂದೆ... ಓದಿದ... ಪುಸ್ತಕವನ್ನೇ... ಮತ್ತೊಮ್ಮೆ... ಓದಿ."

ಓದಿ ಮುಗಿಸಿ ದೊಡ್ಡಮ್ಮ ಹಾವು ತುಳಿದವಳ ಹಾಗೆ ಫೋನನ್ನು ಬೆಂಚಿನ ಮೇಲಿಟ್ಟಳು.

"ಇದು ವಾಪಸು ಕಣೇ!"

"ಅಲ್ವಾ ದೊಡ್ಡಮ್ಮ? ನನಗೂ ಹಾಗೇ ಅನಿಸ್ತು. ನೀವೇ ಹೇಳಿ, ಸರಿಯಾಗಿದ್ದ ಬಟ್ಟೆನ ನೀವು ಯಾವತ್ತಾದ್ರೂ ವಾಪಸು ಕಳಿಸಿದ್ದೀರಾ?"

"ಛೇ, ಯಾಕೆ ಕಳಿಸಲಿ? ಹುಚ್ಚಾ?"

"ಮತ್ತೆ! ಮೊದಲನೇ ಸಲ ಸರಿಯಾಗಿ ಓದಿದ್ರೆ ಎರಡನೇ ಸಲ ಯಾಕೆ? ನಕ್ಕಿದ್ದು ಸಾಲದು ಅಂತ, ಎಲ್ಲರ ಮುಂದೆ ಬುಟ್ಟಿಗೆ ಹಾಕಿದಳು ನನ್ನ."

"ಅದೂ ನೀವು ಅಂತ ಮರ್ಯಾದೆ ಕೊಟ್ಟು!"

ದೊಡ್ಡಮ್ಮನಿಗೆ ಸಿಟ್ಟು ಬಂತು. ಆದರೂ ಒಳಗೊಂದು ಅನುಮಾನ. ಓದು ಬರಹ ಬಲ್ಲವರ ರೀತಿ ಬೇರೆ ಇರಬಹುದೇನೋ. ಮೇಸ್ತ್ರಿಯನ್ನು ಕೇಳಿದಳು, ಅವನು ಕಾಲೇಜು ಮೆಟ್ಟಿಲು ಹತ್ತಿದವನು.

"ಓದಿದ್ದನ್ನೇ ಮತ್ತೆ ಓದು ಅಂದರೆ ಏನಪ್ಪಾ ಅರ್ಥ?"

"ಸರಿಯಾಗಿ ಓದಿಲ್ಲ, ರೀವಾಶ್ ಮಾಡು ಅಂತ" ಅಂದ ಮೇಸ್ತ್ರಿ, ತಲೆ ಎತ್ತದೆ.

ಇಸ್ತ್ರಿ ಹಾಕುವವಳನ್ನು ಕೇಳಿದಳು. ಬಟ್ಟೆ ಹಿಂಡುವ ಮಿಷಿನ್ನಿನವನನ್ನು ಕೇಳಿದಳು. ಇಡೀ ಲಾಂಡ್ರಿಯಲ್ಲಿ ಬೇರೆ ಅರ್ಥ ಹೇಳುವವರು ಒಬ್ಬರೂ ಸಿಗಲಿಲ್ಲ.

ಗಂಟಕ್ಕ ಬಾಯಿಗೆ ಬೀಗ ಹಾಕಿಕೊಂಡಳು. ಭಾನುವಾರ ಫೋನ್ ಬಂದರೆ ಎತ್ತಲಿಲ್ಲ. ಮುಂದಿನ ಭಾನುವಾರಗಳಲ್ಲೂ ಎತ್ತಲಿಲ್ಲ. ದೋಣಿಯ ಪುಸ್ತಕವನ್ನು ಕಪಾಟಿಗೆ ಹಿಂದಿರುಗಿಸಬೇಕಿತ್ತು. ಅದನ್ನೂ ಮಾಡಲಿಲ್ಲ, ತೆರೆಯಲೂ ಇಲ್ಲ, ಚೀಲದ ತಳದಲ್ಲಿ ಹೊತ್ತುಕೊಂಡು ಬರುವುದು, ಹೊತ್ತುಕೊಂಡು ಹೋಗುವುದು. ಗಾಜಿನ ಆಚೆಯ ಕಣ್ಣು ಈ ಕಡೆ ತಿರುಗುವುದನ್ನೇ ಬಿಟ್ಟಿತು.

"ಬಿಟ್ಟುಬಿಡು ಆ ಗುಂಪನ್ನ" ಅಂತ ಮೊದಲ ವಾರ ಹೇಳಿದವಳು ದೊಡ್ಡಮ್ಮನೇ. ಎರಡನೇ ವಾರ, "ಒಂದು ಮಾತು ಫೋನ್ ಮಾಡಿ ಕೇಳಬಾರದೇನೇ" ಅಂದವಳೂ ಅವಳೇ.

"ನೀವು ಯಾವ ಕಡೆ ದೊಡ್ಡಮ್ಮ?"

"ನನಗೇ ಗೊತ್ತಾಗ್ತಿಲ್ಲ."

ತಿಂಗಳು ಮುಗಿಯಲು ಒಂದು ದಿನ ಇತ್ತು. ಮಧ್ಯಾಹ್ನ ಗಂಟಕ್ಕ ಬೆಂಚಿನ ಬಳಿ ನಿಂತು ಎರಡೂ ಕೈಯಲ್ಲಿ ಕೂದಲು ಹಿಂಡುತ್ತಿದ್ದಾಗ ಫೋನ್ ಹೊಡೆದುಕೊಂಡಿತು. "ಮಗಳದ್ದು" ಅಂದಳು ದೊಡ್ಡಮ್ಮ. "ಇರಲಿ" ಅಂದಳು ಗಂಟಕ್ಕ. ದೊಡ್ಡಮ್ಮ ಇರಲಿ ಅನ್ನುವುದನ್ನು ಕೇಳಿಸಿಕೊಳ್ಳದವಳ ಹಾಗೆ ಹಸಿರು ಗುರುತು ಒತ್ತಿದಳು. ಇನ್ನೇನನ್ನು ಒತ್ತಿದಳೋ, ಮಗಳ ದನಿ ಅಂಗಳಕ್ಕೆಲ್ಲ ಕೇಳಿಸಿತು.

"ಅಮ್ಮಾ? ನಾಳೆ ಕೊನೇ ದಿನ. ನೀನು ಏನೂ ಬರೆದಿಲ್ಲ. ಹೆಸರು ಹೋಗುತ್ತೆ."

"ಹೋಗಲಿ" ಅಂದಳು ಗಂಟಕ್ಕ, ದೂರದಿಂದಲೇ.

"ಹೋಗಲಿ ಅಂದ್ರೆ?"

"ವಾಪಸು ಕಳಿಸೋ ಅಷ್ಟು ಕೆಟ್ಟದಾಗಿ ನಾನು ಯಾವ ಕೆಲಸಾನೂ ಮಾಡಿಲ್ಲ."

"ಯಾವ ವಾಪಸು?"

"ನೀನು ಕಳಿಸಿದೆಯಲ್ಲಮ್ಮ, ಆ ವಾಪಸು!" ಅಂತ ದೊಡ್ಡಮ್ಮ ನಡುವೆ ಬಾಯಿ ಹಾಕಿದಳು.

"ಯಾರದು?"

"ನಾನು. ಬಟ್ಟೆ ಮಡಿಚೋಳು. ನಿನಗೆ ಅಜ್ಜಿ ಲೆಕ್ಕ."

"ಅಜ್ಜಿ, ನಾನು ಏನೂ ಕಳಿಸಿಲ್ಲವಲ್ಲ. ಪಾರ್ಸಲ್ ಏನಾದ್ರೂ ಬಂತಾ?"

ಆಮೇಲೆ ಇಬ್ಬರೂ ಒಟ್ಟಿಗೆ ಹೇಳತೊಡಗಿದರು. ಒಬ್ಬಳು ನಗುವ ಮುಖದಿಂದ ಶುರು ಮಾಡಿದರೆ, ಇನ್ನೊಬ್ಬಳು ಗೋಡೆಯ ಕಿಂಡಿಯಿಂದ. ಕಲೆ, ಬುಟ್ಟಿ, ಮೇಸ್ತ್ರಿ, ಸತ್ತವನ ಮದುವೆ.

"ಅಮ್ಮ, ಅದು ನಿನಗೆ ಹೇಳಿದ್ದಲ್ಲ" ಅಂದಳು ಮಗಳು. "ನನಗೆ ಹೇಳಿಕೊಂಡಿದ್ದು. ಈಚೆಗೆ ನನಗೆ ಹೊಸ ಪುಸ್ತಕ ಓದೋಕೆ ಆಗ್ತಿಲ್ಲ. ಹಾಳೆ ತಿರುವಿದರೆ ಏನಿರುತ್ತೋ ಅಂತ ಭಯ ಆಗುತ್ತೆ. ಗೊತ್ತಿರೋ ಕಥೆ ಆದ್ರೆ... ಹೋಗಲಿ ಬಿಡು. ಊಟ ಆಯ್ತಾ?"

"ಆಯ್ತು. ನಿಂದು?"

"ಆಯ್ತು."

ಫೋನ್ ಇಟ್ಟ ಮೇಲೆ ಗಂಟಕ್ಕನ ಮುಖ ನೋಡಬೇಕಿತ್ತು. "ನನಗಲ್ಲವಂತೆ ದೊಡ್ಡಮ್ಮ!" ಅಂತ ದೊಡ್ಡಮ್ಮನ ಭುಜ ಹಿಡಿದು ಅಲುಗಾಡಿಸಿದಳು. ತಾನು ತಂದಿದ್ದ ಊಟವನ್ನೆಲ್ಲ ತಿಂದು, ದೊಡ್ಡಮ್ಮನ ಡಬ್ಬಿಗೂ ಕೈ ಹಾಕಿದಳು. ಒಳಗೆ ಹೋಗುವಾಗ ಮೇಸ್ತ್ರಿಗೆ, "ರೀವಾಶ್ ಅಂತೆ ರೀವಾಶ್, ದೊಡ್ಡ ಪಂಡಿತ!" ಅಂತ ಹೇಳಿ ಹೋದಳು. ಅವನು ಕಣ್ಣು ಕಣ್ಣು ಬಿಟ್ಟ.

ಮರುದಿನ ತಿಂಗಳ ಕೊನೆಯ ದಿನ. ಊಟ ಮುಗಿದದ್ದೇ ಗಂಟಕ್ಕ ಚೀಲದ ತಳದಿಂದ ದೋಣಿಯ ಪುಸ್ತಕ ತೆಗೆದಳು. ತೆಗೆದವಳು ಮೊದಲ ಹಾಳೆ ತೆರೆಯಲಾರದೆ ಕೂತಳು. ನಡುವಿನ ಒಂದು ಹಾಳೆ ತೆರೆದಳು, ಮುಚ್ಚಿದಳು. ಕೊನೆಯ ಹಾಳೆ ತೆರೆದಳು, ಮುಚ್ಚಿದಳು.

"ಏನಾಯ್ತೇ?"

"ಏನೋ ಒಂಥರಾ ಆಗುತ್ತೆ. ಒಗೆದ ಕಡೆಯಿಂದ ಬಾಗಿಲು ತೆಗೆದು ಒಳಗೆ ಇಳಿದ ಹಾಗೆ."

"ಕೊಡು ಇಲ್ಲಿ" ಅಂತ ದೊಡ್ಡಮ್ಮ ಪುಸ್ತಕ ಕಿತ್ತುಕೊಂಡು, ಮೊದಲ ಹಾಳೆ ತೆರೆದು, ಬೆಡ್‌ಶೀಟಿನ ಮಡಿಕೆ ತಿಕ್ಕುವ ಹಾಗೆ ಅಂಗೈಯಿಂದ ಒಮ್ಮೆ ತಿಕ್ಕಿ ಅವಳ ತೊಡೆಯ ಮೇಲಿಟ್ಟಳು. "ಓದು. ಗಟ್ಟಿಯಾಗಿ ಓದು, ನನಗೂ ಕೇಳಲಿ."

ಗಂಟಕ್ಕ ಓದಿದಳು.

ಹೊಳೆ ಬಂತು, ದೋಣಿ ಬಂತು, ದಡದ ಗುಡಿಸಲು ಬಂತು. ನಾಲ್ಕು ಹಾಳೆ ಕಳೆಯುವುದರೊಳಗೆ ಚಿಕ್ಕವನು ನೀರಿಗೆ ಬಿದ್ದ. ಚಿಕ್ಕವನು ಅಂತಲೇ ಇತ್ತು. ಅನುಮಾನಕ್ಕೆ ಜಾಗವೇ ಇರಲಿಲ್ಲ.

"ಇಷ್ಟು ಬಿಡಿಸಿ ಬರೆದಿದ್ದಾರಲ್ಲ ದೊಡ್ಡಮ್ಮ. ನಾನು ಹೇಗೆ ದಾಟಿಕೊಂಡು ಹೋದೆ?"

"ಅವತ್ತು ಏನು ಯೋಚನೆಯಲ್ಲಿದ್ದೆಯೋ."

"ತಿಂಗಳ ಕೊನೇ ಒಳಗೆ ಮುಗಿಸಬೇಕು ಅನ್ನೋ ಯೋಚನೆ." ಗಂಟಕ್ಕ ಮತ್ತೆ ಓದತೊಡಗಿದಳು. ಅರ್ಧ ಸಾಲು ಓದಿ ನಿಂತಳು. ಬೆರಳು ಸಾಲಿನ ಮೇಲೇ ಇತ್ತು. ಕಣ್ಣು ಅಂಗಳದ ಆ ತುದಿಯ ಗೋಡೆಯ ಮೇಲಿತ್ತು.

"ದೊಡ್ಡಮ್ಮ, ನಿನ್ನೆ ಅವಳು ಏನಂದಳು?"

"ನಿನಗೆ ಹೇಳಿದ್ದಲ್ಲ ಅಂದಳು."

"ಆಮೇಲೆ?"

"ಊಟ ಆಯ್ತಾ ಅಂದಳು."

"ಅಲ್ಲ, ನಡುವೆ. ನಡುವೆ ಏನೋ ಅಂದಳು."

ದೊಡ್ಡಮ್ಮ ಕಣ್ಣು ಮುಚ್ಚಿ, ಮೊದಲಿನಿಂದ ಒಂದೊಂದೇ ಮಾತು ನೆನೆಸಿಕೊಂಡು ಬಂದಳು. ಹೆಸರು ಹೋಗುತ್ತೆ ಅಂದಳು. ಪಾರ್ಸಲ್ ಅಂದಳು. ನಿನಗಲ್ಲ ಅಂದಳು. ನನಗೇ ಹೇಳಿಕೊಂಡಿದ್ದು ಅಂದಳು. ಹೊಸ ಪುಸ್ತಕ ಓದೋಕೆ ಆಗ್ತಿಲ್ಲ ಅಂದಳು.

"ಹಾಳೆ ತಿರುವಿದರೆ ಏನಿರುತ್ತೋ ಅಂತ ಭಯ ಆಗುತ್ತೆ ಅಂದಳು" ಅಂತ ದೊಡ್ಡಮ್ಮ ಮುಗಿಸಿ ಕಣ್ಣು ತೆರೆದಳು.

"ಭಯ ಅಂದಳಾ?"

"ಅಂದಳು."

"ಅವಳು ಭಯ ಅಂದಳು. ನಾನು ಊಟ ಆಯ್ತು ಅಂದೆ."

ಏನು ಭಯ? ಪುಸ್ತಕದ ಭಯವೋ, ಬೇರೆಯದೋ? ಪುಸ್ತಕ ಬಿಟ್ಟು ಬೇರೆ ಉಸಿರು ಇಲ್ಲದವಳಿಗೆ ಪುಸ್ತಕದ ಹಾಳೆ ತಿರುವಲು ಯಾಕೆ ಭಯ? ಲ್ಯಾಬಿನಲ್ಲಿ ಏನಾದರೂ ಆಯಿತೇ? ಮೈಯಲ್ಲಿ ಏನಾದರೂ? ಇಷ್ಟೂ ಭಾನುವಾರ ಅವಳು ಫೋನ್ ಮಾಡಿದ್ದು ಯಾತಕ್ಕೆ? ಯಾವ ಗಂಟನ್ನೂ ಎರಡು ಬೆರಳಲ್ಲಿ ಬಿಚ್ಚುವವಳು ಈ ಗಂಟಿನ ತುದಿ ಎಲ್ಲಿದೆ ಅಂತ ಗೊತ್ತಾಗದೆ ಕೂತಿದ್ದಳು. ಗಂಟಕ್ಕ ಫೋನ್ ಮಾಡಿದಳು. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮತ್ತೆ ಮಾಡಿದಳು. ಎತ್ತಲಿಲ್ಲ.

"ಕೆಲಸದಲ್ಲಿರ್ತಾಳೆ" ಅಂದಳು ದೊಡ್ಡಮ್ಮ.

"ಇರಬಹುದು" ಅಂದಳು ಗಂಟಕ್ಕ. ಎದ್ದಳು. ಮೇಸ್ತ್ರಿಯ ಬಳಿ ಹೋದಳು. ಅವನು ಏನೋ ಗೊಣಗಿದ, ಇವಳು ಏನೋ ಹೇಳಿದಳು, ಅವನು ಹೋಗು ಅನ್ನುವ ಹಾಗೆ ಕೈ ಆಡಿಸಿದ. ಅಷ್ಟನ್ನು ದೊಡ್ಡಮ್ಮ ಬೆಂಚಿನಿಂದ ನೋಡಿದಳು.

ಚೀಲ ಹೆಗಲಿಗೆ ಹಾಕಿಕೊಂಡು ಗಂಟಕ್ಕ ಆಸ್ಪತ್ರೆಯ ಹಿಂದಿನ ಗೇಟಿನ ಕಡೆ ನಡೆದಾಗ ದೊಡ್ಡಮ್ಮನೂ ಜೊತೆಗೆ ನಡೆದಳು. ಮಗಳ ಊರಿನ ಬಸ್ ನಿಲ್ಲುವುದು ಗೇಟಿನ ಎದುರಿಗೇ.

"ಇವತ್ತು ಕೊನೇ ದಿನ ಕಣೇ. ನಾಲ್ಕು ಮಾತು ಬರೆದು ಹಾಕು, ಹೆಸರು ಹೋದೀತು."

"ನಾಲ್ಕು ಹಾಳೆ ಓದಿದ್ದೀನಿ ಅಷ್ಟೇ. ಏನು ಬರೀಲಿ?"

"ಅದನ್ನೇ ಬರಿ."

ಗಂಟಕ್ಕ ನಿಂತಲ್ಲೇ ಒಂದೊಂದೇ ಅಕ್ಷರ ಒತ್ತಿ, "ಮತ್ತೆ ಓದುತ್ತಾ ಇದ್ದೇನೆ. ಇನ್ನೂ ಮುಗಿದಿಲ್ಲ" ಅಂತ ಹಾಕಿದಳು. ಮುಗಿಯದ ಓದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಇಬ್ಬರಿಗೂ ಗೊತ್ತಿರಲಿಲ್ಲ.

ಅವತ್ತು ಹೋದವಳು ಲಾಂಡ್ರಿಗೆ ತಿರುಗಿ ಬರಲಿಲ್ಲ. ಮಗಳ ಜೊತೆ ಅಲ್ಲೇ ಇದ್ದಾಳೆ, ಈಗಲೇ ಬರುವ ಹಾಗಿಲ್ಲ ಅಂತ ಮೇಸ್ತ್ರಿಗೆ ಫೋನ್ ಬಂತಂತೆ. ಮಗಳು ಬಹಳ ದಿನದಿಂದ ಲ್ಯಾಬಿಗೇ ಹೋಗದೆ ಕೋಣೆಯಲ್ಲಿ ಮಲಗಿಬಿಟ್ಟಿದ್ದಳಂತೆ. ಯಾಕೆ ಅಂತ ಅವನು ಕೇಳಲಿಲ್ಲವಂತೆ. ಕೇಳದವನನ್ನು ಏನೆನ್ನಬೇಕೋ ದೊಡ್ಡಮ್ಮನಿಗೆ ತಿಳಿಯಲಿಲ್ಲ.

ಅವತ್ತು ಬಸ್ ಬಂದಾಗ ಗಂಟಕ್ಕ ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಹಿಂದಿನವರು "ಹತ್ತಮ್ಮ, ಹತ್ತು" ಅನ್ನುತ್ತಿದ್ದರೂ ಹತ್ತದೆ, ತಿರುಗಿ ನಿಂತಳು. ಕಣ್ಣು ಅಷ್ಟಗಲ.

"ದೊಡ್ಡಮ್ಮ, ಅವಳು ಬಾಗಿಲು ತೆಗೆದ ತಕ್ಷಣ ನಾನು ಮೊದಲು ಯಾವುದನ್ನ ಕೇಳಲಿ? ಯಾವ ಪುಸ್ತಕ ಓದ್ತಾ ಇದ್ದೀಯ ಅಂತ ಕೇಳಲಾ, ಏನಾಗಿದೆ ನಿನಗೆ ಅಂತ ಕೇಳಲಾ?"